ಬೇರೆ ಲೋಕದ ಬಾಗಿಲು



ಈ ತಿಂಗಳ ಅಂಕಣಕ್ಕೆ ವಸ್ತುವನ್ನು ಒದಗಿಸಿದವರು ಹೊಳಲ್ಕೆರೆ ತಾಲ್ಲೂಕಿನ ತಾಯಿಯೊಬ್ಬರು. ಪತ್ರ ಚಿಕ್ಕದು. ದ್ವಿತೀಯ ಪಿಯುಸಿ ಮುಗಿಸಿ ಮನೆಯಲ್ಲಿರುವ ಮಗ ನಡುರಾತ್ರಿಯವರೆಗೂ ಮೊಬೈಲಿನಲ್ಲಿ ಜಪಾನಿನ ಚಿತ್ರಕಥೆಗಳನ್ನು ಓದುತ್ತಾನೆ. ಊಟಕ್ಕೆ ಕರೆದರೆ ಎಲ್ಲಿಂದಲೋ ಎದ್ದು ಬಂದವನಂತೆ ನೋಡುತ್ತಾನೆ. ಆ ಕಥೆಗಳಲ್ಲೆಲ್ಲ ಒಬ್ಬ ಹುಡುಗ ಸತ್ತು ಬೇರೊಂದು ಲೋಕದಲ್ಲಿ ಹುಟ್ಟುತ್ತಾನಂತೆ. “ಸಾಯುವ ಕಥೆಯನ್ನೇ ಯಾಕಪ್ಪಾ ಓದುತ್ತೀಯ ಎಂದರೆ ನಗುತ್ತಾನೆ. ಮೊಬೈಲು ಕಿತ್ತುಕೊಳ್ಳಲೋ ಬಿಡಲೋ ತಿಳಿಯದಾಗಿದೆ” ಎಂದು ಬರೆದಿದ್ದಾರೆ. ಇಂತಹ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ಕಥೆಗಳಲ್ಲಿ ಏನಿದೆಯೆಂದು ನೋಡುವುದು ನ್ಯಾಯ. ಓದದೆ ಬೈಯುವ ಹಿರಿಯರ ಮಾತಿಗೆ ಮಕ್ಕಳು ಎಷ್ಟು ಬೆಲೆ ಕೊಡುತ್ತಾರೆಂಬುದು ನಮಗೆಲ್ಲ ತಿಳಿದದ್ದೇ.

ಜಪಾನೀ ಭಾಷೆಯಲ್ಲಿ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ಅದರಲ್ಲಿ ಈ ಬಗೆಯದಕ್ಕೆ ‘ಇಸೆಕಾಯ್’ ಎನ್ನುತ್ತಾರೆ. ಬೇರೆ ಲೋಕ ಎಂದಷ್ಟೇ ಅದರ ಅರ್ಥ. ಕಥೆಯ ಆರಂಭ ಬಹುತೇಕ ಒಂದೇ ಅಚ್ಚಿನದು. ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಯಾರ ಲೆಕ್ಕಕ್ಕೂ ಇಲ್ಲದ ಒಬ್ಬನು ಲಾರಿಗೆ ಸಿಕ್ಕಿ ಸಾಯುತ್ತಾನೆ. ಲಾರಿ ಎಷ್ಟು ಸಾಮಾನ್ಯವೆಂದರೆ ಓದುಗರು ಅದಕ್ಕೊಂದು ಮುದ್ದಿನ ಹೆಸರನ್ನೂ ಇಟ್ಟಿದ್ದಾರೆ. ಸತ್ತವನೆದುರು ದೇವರೋ ದೇವಿಯೋ ಪ್ರತ್ಯಕ್ಷವಾಗಿ ಯಾರಿಗೂ ಇಲ್ಲದ ಶಕ್ತಿಯೊಂದನ್ನು ಕೊಟ್ಟು, ಕೋಟೆ ಕತ್ತಿ ಮಂತ್ರಗಳ ಲೋಕಕ್ಕೆ ಕಳುಹಿಸುವುದು. ಅಲ್ಲಿ ಅವನ ಬಲ, ಬುದ್ಧಿ, ವಿದ್ಯೆಗಳೆಲ್ಲ ಅಂಕಪಟ್ಟಿಯಂತೆ ಗಾಳಿಯಲ್ಲಿ ಮೂಡಿ ಕಾಣುತ್ತವೆ. ಇಲ್ಲಿ ಮೂವತ್ತೈದು ಅಂಕಕ್ಕೆ ಹೆಣಗಿದವನಿಗೆ ಅಲ್ಲಿ ಎಲ್ಲದರಲ್ಲಿಯೂ ನೂರಕ್ಕೆ ಸಾವಿರ.

ಈ ಕಥೆಗಳಲ್ಲಿ ಬಹುಪಾಲು ಹುಟ್ಟಿದ್ದು ವೃತ್ತಿಪರ ಲೇಖಕರ ಮೇಜಿನ ಮೇಲಲ್ಲ. ೨೦೦೪ರಲ್ಲಿ ಜಪಾನಿನಲ್ಲಿ ಆರಂಭವಾದ ಅಂತರ್ಜಾಲದ ತಾಣವೊಂದರಲ್ಲಿ ಯಾರು ಬೇಕಾದರೂ ಕಾದಂಬರಿಯನ್ನು ಧಾರಾವಾಹಿಯಾಗಿ ಬರೆಯಬಹುದು. ತಾಣದ ಹೆಸರಿನ ಅರ್ಥವೇ ‘ಕಾದಂಬರಿಕಾರರಾಗೋಣ’ ಎಂದು. ಅಲ್ಲಿ ಜನಪ್ರಿಯವಾದದ್ದು ಪುಸ್ತಕವಾಗಿ, ಚಿತ್ರಕಥೆಯಾಗಿ, ದೂರದರ್ಶನದ ಸರಣಿಯಾಗಿ ಬೆಳೆಯಿತು. ೨೦೧೬ರಲ್ಲಿ ಸಣ್ಣಕಥಾ ಸ್ಪರ್ಧೆಯೊಂದರವರೂ ೨೦೧೭ರಲ್ಲಿ ಕಡೋಕಾವಾ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯವರು ತಮ್ಮ ಕಾದಂಬರಿ ಸ್ಪರ್ಧೆಯೊಂದರಲ್ಲಿಯೂ ಬೇರೆ ಲೋಕದ ಕಥೆಗಳನ್ನು ಕಳುಹಿಸಲೇಬೇಡಿರೆಂದು ನಿಯಮ ಮಾಡಿದರೆಂದರೆ ಪ್ರವಾಹದ ಪ್ರಮಾಣ ಊಹಿಸಬಹುದು. ೨೦೨೪ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೂಡ ‘ಇಸೆಕಾಯ್’ ಶಬ್ದವನ್ನು ಸೇರಿಸಿಕೊಂಡಿತು.

ಬೇರೆ ಲೋಕಕ್ಕೆ ಹೋಗುವ ಕಥೆ ಜಪಾನೀಯರಿಗೂ ಹೊಸತಲ್ಲ, ನಮಗೂ ಹೊಸತಲ್ಲ. ಅವರಲ್ಲಿ ಉರಾಶಿಮಾ ತಾರೋ ಎಂಬ ಬೆಸ್ತನ ಹಳೆಯ ಕಥೆಯಿದೆ. ಆಮೆಯೊಂದನ್ನು ಕಾಪಾಡಿದ ಪುಣ್ಯದಿಂದ ಅವನು ಸಮುದ್ರದಾಳದ ಅರಮನೆಗೆ ಹೋಗುತ್ತಾನೆ. ಮೂರು ವರ್ಷ ಸುಖವಾಗಿದ್ದು ತಂದೆತಾಯಿಯರ ನೆನಪಾಗಿ ಊರಿಗೆ ಮರಳಿದರೆ ಅಲ್ಲಿ ಮುನ್ನೂರು ವರ್ಷ ಕಳೆದಿದೆ. ರಾಜಕುಮಾರಿ ತೆರೆಯಬೇಡವೆಂದು ಕೊಟ್ಟ ಪೆಟ್ಟಿಗೆಯನ್ನು ತೆರೆದ ಕ್ಷಣವೇ ಅವನು ಹಣ್ಣುಹಣ್ಣು ಮುದುಕನಾಗುತ್ತಾನೆ. ನಮ್ಮ ಭಾಗವತದಲ್ಲಿ ರೈವತ ಕಕುದ್ಮಿಯ ಕಥೆ ಇದಕ್ಕಿಂತ ಸ್ವಾರಸ್ಯವಾದುದು, ಹೆಣ್ಣು ಹೆತ್ತವರಿಗಂತೂ ಇನ್ನೂ ಸ್ವಾರಸ್ಯ. ಮಗಳು ರೇವತಿಗೆ ತಕ್ಕ ವರನನ್ನು ಕೇಳಲೆಂದು ಆ ರಾಜನು ಮಗಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೇ ಹೋದನು. ಅಲ್ಲಿ ಗಾಯನ ನಡೆದಿತ್ತು. ಮುಗಿಯಲೆಂದು ಸ್ವಲ್ಪ ಹೊತ್ತು ಕಾದನು. ಆಮೇಲೆ ತನ್ನ ಮನಸ್ಸಿನಲ್ಲಿದ್ದ ವರಗಳ ಹೆಸರನ್ನು ಹೇಳಿದರೆ ಬ್ರಹ್ಮನು ನಕ್ಕನು. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದು, ಆ ವರಗಳ ಮೊಮ್ಮಕ್ಕಳ ಹೆಸರು ಕೂಡ ಉಳಿದಿರಲಿಲ್ಲ.

ಹಳೆಯ ಕಥೆಗಳಲ್ಲಿ ಬೇರೆ ಲೋಕಕ್ಕೆ ಹೋದವನು ಏನನ್ನಾದರೂ ತೆತ್ತೇ ತೆರುತ್ತಾನೆ. ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳಿದ ಅಲ್ಲಮನ ವೃತ್ತಾಂತವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಮಡದಿ ಕಮಲತೆ ಜ್ವರದಿಂದ ತೀರಿಹೋದ ದುಃಖದಲ್ಲಿ ಮದ್ದಳೆಯ ಅಲ್ಲಮನು ಬುದ್ಧಿ ಕೆಟ್ಟವನಂತೆ ಅಲೆಯುತ್ತಾನೆ. ಊರ ಹೊರಗಿನ ತೋಪಿನಲ್ಲಿ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಚಿನ್ನದ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ನೆಲದೊಳಗೊಂದು ಗುಡಿ. ಬಾಗಿಲನ್ನು ಒದ್ದು ಒಳಹೊಕ್ಕರೆ, ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು ಕುಳಿತ ಅನಿಮಿಷಯ್ಯ. ಜಪಾನಿನ ಹುಡುಗ ಓದುಗನಿಗೆ ಇಲ್ಲಿಯವರೆಗೆ ಈ ಕಥೆ ಚಿರಪರಿಚಿತವೆನಿಸೀತು: ಸೋತವನೊಬ್ಬ, ಮುಚ್ಚಿದ ಬಾಗಿಲು, ಒಳಗೆ ಬೇರೆಯೇ ಲೋಕ. ಮುಂದೇನಾಗಬೇಕೆಂದೂ ಅವನು ಊಹಿಸಬಲ್ಲ. ಕಮಲತೆಯಂತಹ ಹತ್ತು ಹೆಣ್ಣುಗಳು ಆ ಗುಡಿಯೊಳಗೆ ಕಾದಿರಬೇಕು. ಹರಿಹರನು ಹಾಗೆ ಮಾಡಲಿಲ್ಲ. ಸತ್ತವಳು ಮರಳಿ ಬರಲಿಲ್ಲ. ಅನಿಮಿಷಯ್ಯನ ಕೈಯ ಲಿಂಗ ಅಲ್ಲಮನ ಕೈಗೆ ಬಂತು, ಕೊಟ್ಟವನ ಪ್ರಾಣ ಹೋಯಿತು. ಅಲ್ಲಮನು ಬಯಸಿ ಹೋದದ್ದು ಒಂದು, ದೊರೆತದ್ದು ಇನ್ನೊಂದು. ದೊರೆತದ್ದನ್ನು ಹಿಡಿದು ಅವನು ಮತ್ತೆ ಇದೇ ಲೋಕದ ಬಿಸಿಲಿಗೆ ಬಂದನು.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಅಂಕಲಿ ಮಠವನ್ನು ನೋಡಿದವರಿಗೆ ಈ ಪ್ರಸಂಗ ಕಣ್ಣಿಗೆ ಕಟ್ಟಿದಂತಾಗುತ್ತದೆ. ಬಂಡೆಗಳ ನಡುವೆ ಕೆಳಗೆ ಕೆಳಗೆ ಇಳಿದಂತೆ ಕೋಣೆಯೊಳಗೊಂದು ಕೋಣೆ, ಹಗಲಿನಲ್ಲಿಯೂ ದೀಪವಿಲ್ಲದೆ ಕೈ ಕಾಣದ ಕತ್ತಲೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಒಬ್ಬರ ಅಂಗಿಯನ್ನೊಬ್ಬರು ಹಿಡಿದುಕೊಂಡು ಇಳಿಯುವುದನ್ನು ನೋಡಬೇಕು. ಬೇರೆ ಲೋಕದ ಬಯಕೆ ಎಷ್ಟು ಸಹಜವೆಂಬುದು ಆ ಮುಖಗಳಲ್ಲಿ ಕಾಣುತ್ತದೆ.

ಇಂದಿನ ಜಪಾನೀ ಕಥೆಗಳಲ್ಲಿ ಬದಲಾಗಿರುವುದು ಈ ತೆರಿಗೆಯ ಸಂಗತಿ. ನಮ್ಮ ಮಕ್ಕಳು ಟಿವಿಯಲ್ಲಿ ಕಂಡಿರುವ ಡೋರೆಮಾನ್‌ನಲ್ಲಿಯೂ ಬಯಸಿದ್ದು ಸಿಗುತ್ತದೆ. ೧೯೬೯ರಲ್ಲಿ ಆರಂಭವಾದ ಆ ಚಿತ್ರಕಥೆಯಲ್ಲಿ ನೊಬಿತಾ ಎಂಬ ಸೋಮಾರಿ ಹುಡುಗನು ಯಂತ್ರದ ಬೆಕ್ಕಿನ ಜೇಬಿನಿಂದ ಬೇಕಾದ ಉಪಕರಣವನ್ನು ಪಡೆಯುತ್ತಾನೆ, ಆದರೆ ಕೊನೆಗೆ ಅದರಿಂದಲೇ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಇಸೆಕಾಯ್ ಕಥೆಗಳಲ್ಲಿ ಹೆಚ್ಚಿನವು ಈ ಕೊನೆಯ ಪುಟವನ್ನು ಹರಿದು ಹಾಕಿವೆ.

ಒಂದು ಉದಾಹರಣೆಯನ್ನು ನಮ್ಮ ಜಿಲ್ಲೆಯ ರೈತ ಕುಟುಂಬಗಳಿಗೆಂದೇ ಹೇಳಬೇಕು. ‘ಬೇರೆ ಲೋಕದಲ್ಲಿ ನಿಶ್ಚಿಂತೆಯ ಬೇಸಾಯ’ ಎಂದು ಕನ್ನಡದಲ್ಲಿ ಕರೆಯಬಹುದಾದ ಕಥೆಯೊಂದಿದೆ. ೨೦೨೩ರಲ್ಲಿ ಅದು ದೂರದರ್ಶನದ ಸರಣಿಯೂ ಆಯಿತು. ಬಹುಕಾಲ ಆಸ್ಪತ್ರೆಯ ಹಾಸಿಗೆಯಲ್ಲಿ ನರಳಿ ಸತ್ತವನೊಬ್ಬನಿಗೆ ದೇವರು ರೋಗವಿಲ್ಲದ ದೇಹವನ್ನೂ ಒಂದು ಸಲಕರಣೆಯನ್ನೂ ಕೊಡುತ್ತಾನೆ. ಆ ಸಲಕರಣೆ ಬೇಕೆಂದಾಗ ಗುದ್ದಲಿ, ಬೇಕೆಂದಾಗ ಕೊಡಲಿ. ಹಿಡಿದವನಿಗೆ ದಣಿವಿಲ್ಲ. ಅದರಿಂದ ಅಗೆದ ನೆಲದಲ್ಲಿ ಮನಸ್ಸಿನಲ್ಲಿ ನೆನೆದ ಬೆಳೆ ಬಿತ್ತದೆಯೇ ಮೊಳೆಯುತ್ತದೆ! ಹೊಸದುರ್ಗದ ತೆಂಗಿನ ಬೆಳೆಗಾರರು ಇದನ್ನು ಕೇಳಿ ನಗುವರೋ ನಿಟ್ಟುಸಿರು ಬಿಡುವರೋ ಹೇಳಲಾರೆ. ಕಳೆದ ದಶಕದ ಬರಗಾಲದಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಬತ್ತಿ, ಟ್ಯಾಂಕರಿನಲ್ಲಿ ನೀರು ಹೊಯ್ದರೂ ಸುಳಿ ಒಣಗಿದ ತೋಟಗಳು ಇನ್ನೂ ಮರೆತಿಲ್ಲ. ಅಂತಹ ತೋಟದ ಮನೆಯ ಹುಡುಗನು ಈ ಕಥೆಯನ್ನು ಓದಿದರೆ ಅದನ್ನು ಬರಿಯ ಕಾಲಹರಣವೆನ್ನಲು ನನ್ನ ನಾಲಗೆ ಏಳದು. ಆ ಮಾಂತ್ರಿಕ ಗುದ್ದಲಿ ಅವನ ಅಪ್ಪನ ಬಯಕೆಯೂ ಹೌದು.

ಬಯಕೆ ಈಡೇರಲು ಈ ಲೋಕದಲ್ಲಿ ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರವೇ ಸಾಕ್ಷಿ. ವೇದಾವತಿಗೆ ಅಡ್ಡಲಾಗಿ ೧೮೯೭ರಲ್ಲಿ ಆರಂಭವಾದ ಕಟ್ಟೆ ಮುಗಿದದ್ದು ೧೯೦೭ರಲ್ಲಿ. ೧೯೩೩ರಲ್ಲೊಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು ೨೦೨೨ರ ಸೆಪ್ಟೆಂಬರಿನಲ್ಲಿ, ಅಂದರೆ ಎಂಬತ್ತೊಂಬತ್ತು ವರ್ಷಗಳ ಅನಂತರ. ಆ ದಿನಗಳಲ್ಲಿ ಮಾರಿಕಣಿವೆಗೆ ಜನ ಜಾತ್ರೆಯಂತೆ ಹರಿದು ಬಂದರು. ೨೦೨೫ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು. ಒಂದು ತಲೆಮಾರು ಕಟ್ಟಿತು, ಒಂದು ತಲೆಮಾರು ಕಾಣದೆಯೇ ಹೋಯಿತು, ಮೊಮ್ಮಕ್ಕಳು ನೀರಿನೆದುರು ನಿಂತು ಕೈಮುಗಿದರು.

ಕಾಯುವುದನ್ನು ನಮ್ಮ ಸೀಮೆಯ ಜನ ಬಲ್ಲರು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದೆದುರು ಭಕ್ತರು ಮನಸ್ಸಿನ ಇಷ್ಟಾರ್ಥವನ್ನು ನಿವೇದಿಸಿ, ನೀರಿನ ಮೇಲೆ ಏನು ತೇಲಿ ಬರುವುದೋ ಎಂದು ಕಾದು ನಿಲ್ಲುತ್ತಾರೆ. ಹೊಳಲ್ಕೆರೆಯ ಬಯಲು ಗಣಪತಿಗೆ ಹರಕೆ ಹೊರುವವರಿಗೂ ಕೊರತೆಯಿಲ್ಲ. ನಂಬುವವರೊಂದಿಗೂ ನಂಬದವರೊಂದಿಗೂ ಈ ಅಂಕಣ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಅಲ್ಲಿ ಬೇಡುವವನು ತನ್ನ ಬಯಕೆಯನ್ನು ನಾಲ್ಕು ಜನರ ನಡುವೆ ನಿಂತು ಬೇಡುತ್ತಾನೆ; ಮಗುವಿಲ್ಲದವಳ ದುಃಖ ಪಕ್ಕದಲ್ಲಿ ನಿಂತವಳಿಗೆ ತಿಳಿಯುತ್ತದೆ. ಮೊಬೈಲಿನೊಳಗಿನ ಲೋಕದಲ್ಲಿ ಬಯಕೆಯೂ ಗುಟ್ಟು, ಈಡೇರಿಕೆಯೂ ಗುಟ್ಟು.

ಆ ಗುಟ್ಟುಗಳಲ್ಲಿ ದೊಡ್ಡದು ಹೆಣ್ಣಿನದು. ಈ ಕಥೆಗಳಲ್ಲಿ ಹಲವು ಕಡೆ ನಾಯಕನ ಸುತ್ತ ನಾಲ್ಕಾರು ಸುಂದರಿಯರು, ಅವರಲ್ಲಿ ಒಬ್ಬಳೂ ಅವನನ್ನು ನಿರಾಕರಿಸಳು. ಕೆಲವು ಕಥೆಗಳಲ್ಲಿ ನಾಯಕನು ಸಂತೆಯಲ್ಲಿ ಗುಲಾಮ ಹುಡುಗಿಯನ್ನು ಕೊಂಡು, ತಾನು ದಯಾಳುವೆಂದು ಬೀಗುವುದೂ ಉಂಟು. ಇದು ಹೇಸಿಗೆಯ ಮಾತು. ಹೇಸಿಗೆಯೆಂದೇ ಮಕ್ಕಳಿಗೆ ಹೇಳಬೇಕು. ಆದರೆ ಹೇಳುವ ನಮ್ಮ ಅಂಗಳವೂ ಸ್ವಚ್ಛವಾಗಿರಬೇಕಲ್ಲವೇ? ೨೦೨೩ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ರೈತ ಯುವಕರು ತಮಗೆ ಹೆಣ್ಣು ದೊರೆಯಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ಪತ್ರಿಕೆಗಳು ಬರೆದವು, ಓದಿದವರು ನಕ್ಕರು. ಅದೇ ವರ್ಷದ ನವೆಂಬರಿನಲ್ಲಿ ಅದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗರ್ಭದ ಶಿಶು ಹೆಣ್ಣೋ ಗಂಡೋ ಎಂದು ಪತ್ತೆ ಮಾಡುವ ಕಳ್ಳ ದಂಧೆ ನಡೆದಿದ್ದುದು ಬಯಲಾಯಿತು. ಬೆಲ್ಲದ ಮನೆಯಲ್ಲಿ! ಆಗ ಯಾರೂ ನಗಲಿಲ್ಲ. ಈ ಎರಡು ಸುದ್ದಿಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಓದಿದವರು ಎಷ್ಟು ಜನರೋ ತಿಳಿಯದು. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ೯೪೮ ಹೆಣ್ಣುಮಕ್ಕಳು.

ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿಯೂ ಮೂವತ್ತು ದಾಟಿದ ಗಂಡುಮಕ್ಕಳು ಕನ್ಯಾನ್ವೇಷಣೆಯ ಫೋಟೋ ಕೊಟ್ಟು ಕುಳಿತಿದ್ದಾರೆ. ಹೆಣ್ಣಿನವರು ಬೆಂಗಳೂರಿನ ಕೆಲಸವನ್ನು ಕೇಳುತ್ತಾರೆ. ತಾವು ಒಕ್ಕಲುತನದಲ್ಲಿ ಸವೆದ ತಾಯಂದಿರೇ ಮಗಳಿಗೆ ಅದು ಬೇಡವೆನ್ನುತ್ತಾರೆ, ಅವರನ್ನು ದೂರುವಂತಿಲ್ಲ. ಹಟ್ಟಿಯ ಸಗಣಿ, ಒಲೆಯ ಹೊಗೆ, ಅತ್ತೆಯ ಮಾತು ಇವುಗಳನ್ನು ಆ ತಾಯಿ ಲೆಕ್ಕವಿಟ್ಟಿದ್ದಾಳೆ. ಬೇರೆ ಲೋಕದ ಕಥೆ ಓದುವ ಹುಡುಗನಿಗೆ ಇಷ್ಟು ಬುದ್ಧಿ ಹೇಳಿದರೆ ಸಾಕು: ಅಲ್ಲಿ ಹೆಣ್ಣು ತಾನಾಗಿ ಬಂದು ನಿಲ್ಲುವಳು, ಇಲ್ಲಿ ಬರುವವಳು ಮೊದಲು ಮನೆಯ ಬಚ್ಚಲನ್ನೂ ನೀರಿನ ಅನುಕೂಲವನ್ನೂ ನೋಡುವಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಜಪಾನಿನಲ್ಲಿಯೇ ಇಂತಹ ಕಥೆಗಳು ಏಕೆ ಮಳೆಗಾಲದ ಅಣಬೆಯಂತೆ ಎದ್ದವು? ತೊಂಬತ್ತರ ದಶಕದ ಆರಂಭದಲ್ಲಿ ಆ ದೇಶದ ಆರ್ಥಿಕ ಉಬ್ಬರ ಇಳಿದ ಮೇಲೆ ಓದಿದವರಿಗೆ ಭದ್ರವಾದ ನೌಕರಿ ಕಡಿಮೆಯಾಯಿತು. ದೊರೆತವರಿಗೆ ಮೈಮುರಿವ ದುಡಿತ. ಅತಿ ದುಡಿಮೆಯಿಂದ ಸಾಯುವುದಕ್ಕೆ ‘ಕರೋಶಿ’ ಎಂಬ ಬೇರೆ ಶಬ್ದವೇ ಅವರ ಭಾಷೆಯಲ್ಲಿದೆ. ಸೋತು ಕೋಣೆಯ ಬಾಗಿಲು ಹಾಕಿಕೊಂಡವರನ್ನು ‘ಹಿಕಿಕೊಮೊರಿ’ ಎನ್ನುತ್ತಾರೆ. ಜಪಾನ್ ಸರಕಾರವು ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ, ಹದಿನೈದರಿಂದ ಅರವತ್ತನಾಲ್ಕು ವರ್ಷದ ನಡುವೆ ಹೀಗೆ ಸಮಾಜದಿಂದ ಹಿಂದೆ ಸರಿದು ಬದುಕುವವರು ಸುಮಾರು ೧೪ ಲಕ್ಷ ೬೦ ಸಾವಿರ.

೨೦೧೨ರಲ್ಲಿ ಆರಂಭವಾದ ‘ಮುಶೊಕು ತೆನ್ಸೇಯ್’ ಎಂಬ ಪ್ರಸಿದ್ಧ ಕಥೆಯ ನಾಯಕನು ಅಂತಹವನೇ. ವಯಸ್ಸು ಮೂವತ್ತನಾಲ್ಕು, ಕೆಲಸವಿಲ್ಲ. ಶಾಲೆಯಲ್ಲಿ ಸಹಪಾಠಿಗಳಿಂದಾದ ಅವಮಾನದ ಮೇಲೆ ಮನೆಯ ಹೊಸಿಲು ದಾಟಿದವನಲ್ಲ. ತಂದೆತಾಯಿಯರ ಅಂತ್ಯಕ್ರಿಯೆಗೂ ಹೊರಬಾರದವನನ್ನು ಒಡಹುಟ್ಟಿದವರು ಹೊರಗೆ ದೂಡುತ್ತಾರೆ. ಬೇರೆ ಲೋಕದಲ್ಲಿ ಮಗುವಾಗಿ ಹುಟ್ಟಿದ ಮೇಲೂ ಆ ಭಯ ಅವನನ್ನು ಬಿಡುವುದಿಲ್ಲ. ಅವನಿಗೆ ವಿದ್ಯೆ ಕಲಿಸುವ ಗುರು ಒಂದು ದಿನ ಕುದುರೆಯ ಮೇಲೆ ಕೂರಿಸಿಕೊಂಡು ಮನೆಯ ಬೇಲಿಯ ಹೊರಗೆ ಕರೆದೊಯ್ಯುತ್ತಾಳೆ. ಹುಡುಗ ಗಡಗಡ ನಡುಗುತ್ತಾನೆ. ಊರಿನವರಾರೂ ಅವನನ್ನು ಅಣಕಿಸುವುದಿಲ್ಲ. ಅಷ್ಟೇ ನಡೆಯುವುದು. ಸಾವಿರ ರಾಕ್ಷಸರನ್ನು ಕೊಂದ ಕಥೆಗಳಿಗಿಂತ ಈ ಬೇಲಿ ದಾಟಿದ ಸಂಗತಿ ನನಗೆ ದೊಡ್ಡದಾಗಿ ಕಂಡಿತು. ಹಾಗೆಂದು ಆ ಪುಸ್ತಕವನ್ನು ಎಳೆಯರ ಕೈಗೆ ಕೊಡಲಾಗದು. ನಾಯಕನ ಕಾಮುಕ ನಡತೆ ಅದರಲ್ಲಿ ತುಂಬಿದೆ.

ನಮ್ಮಲ್ಲಿಯೂ ಬಾಗಿಲು ಹಾಕಿಕೊಳ್ಳುವ ಮಕ್ಕಳಿದ್ದಾರೆ. ನೀಟ್ ಪರೀಕ್ಷೆಗೆ ಎರಡನೆಯ ಸಲ, ಮೂರನೆಯ ಸಲ ಕುಳಿತವರು. ಡಿಪ್ಲೊಮಾ ಮಾಡಿ ಹೊಲಕ್ಕೂ ಹೋಗದೆ ಪೇಟೆಗೂ ಹೋಗದೆ ಉಳಿದವರು. ಮನೆಗೆ ಬಂದ ನಂಟರೆಲ್ಲ “ಏನ್ ಮಾಡ್ಕೊಂಡಿದೀಯಪ್ಪಾ ಈಗ?” ಎಂದು ಕೇಳುವ ಪ್ರಶ್ನೆ ಅವರಿಗೆ ಆ ಲಾರಿಯಂತೆಯೇ ಬಂದು ಬಡಿಯುತ್ತದೆ. ಜಾತ್ರೆ ಮದುವೆಗಳಿಗೆ ಬಾರದೆ ತಪ್ಪಿಸಿಕೊಳ್ಳುವುದಕ್ಕೆ ಸೊಕ್ಕು ಕಾರಣವಲ್ಲ, ಈ ಪ್ರಶ್ನೆ ಕಾರಣ.

ತಾಯಿಯವರನ್ನು ಹೆದರಿಸಿರುವುದು ಸಾವಿನ ಮಾತು. ಆ ಕಥೆಗಳಲ್ಲಿ ಸಾವು ಒಂದು ಪುಟದಲ್ಲಿ ಮುಗಿಯುವ ಹೊಸಿಲು ಮಾತ್ರ. ಓದಿದವರೆಲ್ಲ ಸಾವನ್ನು ಬಯಸುವವರಲ್ಲ. ಆದರೆ ಮಗನು ಕಥೆಯನ್ನು ಬಿಟ್ಟು ತನ್ನ ಸಾವಿನ ಮಾತನ್ನೇ ಆಡಿದರೆ, ಊಟ ನಿದ್ರೆ ಬಿಟ್ಟರೆ, ಇದ್ದ ಗೆಳೆಯರನ್ನೂ ದೂರ ಮಾಡಿದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ೨೦೨೨ರಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಯಿದೆ. ಸಂಖ್ಯೆ ೧೪೪೧೬, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮಂತ್ರ ತಾಯಿತಗಳಿಗೆ ಅಲೆದು ತಿಂಗಳು ಕಳೆಯುವುದು ಬೇಡ.

ಮೊಬೈಲು ಕಿತ್ತುಕೊಳ್ಳುವ ಪ್ರಶ್ನೆಗೆ ಬರುತ್ತೇನೆ. ಕಿತ್ತುಕೊಳ್ಳಬೇಡಿರಿ. ರಾತ್ರಿ ಹತ್ತರ ಅನಂತರ ಮನೆಯ ಎಲ್ಲರ ಮೊಬೈಲುಗಳೂ, ಯಜಮಾನರದೂ ಸೇರಿ, ಪಡಸಾಲೆಯ ಗೂಡಿನಲ್ಲಿರಲಿ. ಹಗಲಿನಲ್ಲಿ ಅವನು ಓದಿದ ಕಥೆಯನ್ನು ಹೇಳಿಸಿರಿ. ಹಿಂದೆ ‘ಚಂದಮಾಮ’ದ ಬೇತಾಳನ ಕಥೆಯನ್ನು ಮಕ್ಕಳು ಅಜ್ಜಿಗೆ ಓದಿ ಹೇಳುತ್ತಿರಲಿಲ್ಲವೇ? ೧೯೪೯ರಿಂದ ಕನ್ನಡದಲ್ಲಿ ಬರುತ್ತಿದ್ದ ಆ ಮಾಸಪತ್ರಿಕೆ ಈಗ ನಿಂತುಹೋಗಿದೆ, ಕೇಳುವ ಅಜ್ಜಿಯರು ಇದ್ದಾರೆ. ಹೇಳುವಾಗ ಅವನು ಎಲ್ಲಿ ನಾಚಿ ನಿಲ್ಲುತ್ತಾನೆ, ಎಲ್ಲಿ ಕಣ್ಣರಳಿಸುತ್ತಾನೆ ಎಂಬುದನ್ನು ಗಮನಿಸಿದರೆ ಅವನ ಬಯಕೆ ಯಾವುದೆಂದು ತಾಯಿಗೆ ತಿಳಿಯದಿರದು. ಅವನಿಗೆ ಬೇಕಿರುವುದು ಬಲವೋ, ಗೆಳೆಯರೋ, ಮೆಚ್ಚುಗೆಯೋ, ಇಲ್ಲವೆ ಬರಿಯ ವಿಶ್ರಾಂತಿಯೋ?

ಈ ಗುಂಪಿನಲ್ಲಿ ಮನೆಮಂದಿಯೆಲ್ಲ ಕುಳಿತು ಓದಬಹುದಾದ ಒಂದು ಕಥೆಯೂ ಇದೆ. ಮಿಯಾ ಕಾಜುಕಿ ಎಂಬ ಲೇಖಕಿ ೨೦೧೩ರಲ್ಲಿ ಬರೆಯಲಾರಂಭಿಸಿದ್ದು. ಇಂಗ್ಲಿಷಿನಲ್ಲಿ ‘ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್’ ಎಂದು ಹೆಸರು. ಪುಸ್ತಕವೆಂದರೆ ಪ್ರಾಣವಾದ ಯುವತಿಯೊಬ್ಬಳು ಭೂಕಂಪದಲ್ಲಿ ಪುಸ್ತಕಗಳ ರಾಶಿಯ ಕೆಳಗೆ ಸಿಕ್ಕಿ ಸತ್ತು, ಬಡ ಸಿಪಾಯಿಯ ರೋಗಿಷ್ಠ ಮಗಳಾಗಿ ಹುಟ್ಟುತ್ತಾಳೆ. ಆ ಲೋಕದಲ್ಲಿ ಪುಸ್ತಕ ಸಿರಿವಂತ ಕುಲೀನರಿಗೆ ಮಾತ್ರ. ದೇವರು ಬಂದು ಅವಳಿಗೆ ಯಾವ ಸಲಕರಣೆಯನ್ನೂ ಕೊಡುವುದಿಲ್ಲ, ನಾಲ್ಕು ಹೆಜ್ಜೆ ನಡೆದರೆ ಜ್ವರ ಬರುತ್ತದೆ. ಹುಲ್ಲಿನ ನಾರನ್ನು ಹೆಣೆದು ಹಾಳೆ ಮಾಡಲು ಹೋಗಿ ಸೋಲುತ್ತಾಳೆ. ಮಣ್ಣಿನ ಹಲಗೆಯ ಮೇಲೆ ಬರೆದು ಸುಡಲು ಹೋದರೆ ಅದು ಒಲೆಯಲ್ಲಿ ಸಿಡಿಯುತ್ತದೆ. ಮರದ ಪಟ್ಟಿಗಳ ಮೇಲೆ ಬರೆದಿಟ್ಟರೆ ತಾಯಿ ಸೌದೆಯೆಂದು ತಿಳಿದು ಉರಿಸಿಬಿಡುತ್ತಾಳೆ. ನಮ್ಮಲ್ಲಿ ಎಷ್ಟು ತಾಳೆಗರಿಯ ಕಟ್ಟುಗಳು ಬಚ್ಚಲೊಲೆಗೆ ಹೋದವೆಂದು ಹಿರಿಯರಿಂದ ಕೇಳಿದವರಿಗೆ ಈ ಪುಟದಲ್ಲಿ ನಗುವೂ ಬರುತ್ತದೆ, ಎದೆಯೂ ಕುಟುಕುತ್ತದೆ. ಕೊನೆಗೆ ನೆರೆಮನೆಯ ಹುಡುಗನೊಬ್ಬನ ನೆರವಿನಿಂದ ಮರದ ತೊಗಟೆಯನ್ನು ಬೇಯಿಸಿ, ಬಡಿದು, ಅಂಗೈಯಗಲದ ಕಾಗದ ಮಾಡುತ್ತಾಳೆ. ಬಹಳ ಪುಟಗಳ ಮೇಲೆ ಮುದ್ರಣಕ್ಕೂ ಬರುತ್ತಾಳೆ.

ಇದನ್ನು ಓದುವ ಹುಡುಗನಿಗೆ ವಿಜಯಪುರದ ಡಾ. ಫ.ಗು. ಹಳಕಟ್ಟಿಯವರ ಹೆಸರನ್ನು ಹೇಳಿ ನೋಡಬಹುದು. ವೃತ್ತಿಯಲ್ಲಿ ವಕೀಲರಾಗಿದ್ದವರು ಮನೆಮನೆಯ ತಾಳೆಗರಿಗಳನ್ನು ಹುಡುಕಿ, ಓದಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಚ್ಚು ಹಾಕುವುದಕ್ಕೆ ತಮ್ಮದೇ ಮುದ್ರಣಾಲಯ ಬೇಕೆಂದು ಇದ್ದ ಮನೆಯನ್ನು ಮಾರಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ ಆರಂಭವಾಯಿತು.